ಮರದ ಪಾದಕ್ಕೆ ಹರಳೆಣ್ಣೆ

ಹರಳೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಹಬ್ಬದ ಎಣ್ಣೆಸ್ನಾನ ನೆನಪಾಗುತ್ತದಂತೆ. ನನಗೆ ಹಾಸನದ ಒಂದು ಚರ್ಚು ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ. ಹಳ್ಳಿಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ ಸಂಜೆಯಾದರೆ ಅಪ್ಪನ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಕೆಸರು ತುಳಿದು ತುಳಿದು ಕರ್ರಗಾಗಿದ್ದ, ಹಿಮ್ಮಡಿ ಒಡೆದ ಕಾಲು. ಶಾಲೆಗೆ ಹೋಗುವ ಮಗಳಿದ್ದ ಗಂಡಸು ಜಗಲಿಯ ಮೇಲೆ ಕಾಲು ಚಾಚಿ, "ಸಾಕು ಬುಡವ್ವ, ಕಚಗುಳಿ ಆಯ್ತದೆ" ಎಂದು ನಗುತ್ತಿದ್ದ. ಆ ಜಗಲಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಅಪ್ಪ ಹಿರೀಸಾವೆಯ ಹತ್ತಿರ ಲಾರಿಗೆ ಸಿಕ್ಕಿ ಸತ್ತ. ಹೊರಗೆ ಸತ್ತವರನ್ನು ಹೊಸ್ತಿಲು ದಾಟಿಸಬಾರದೆಂದು ಹಿರಿಯರು ಬೀದಿಯಿಂದಲೇ ಹೊಲಕ್ಕೆ ಒಯ್ದರು. "ಒಂದ್ಸಲ ನನ್ ತೊಡೆ ಮ್ಯಾಲೆ ಆಕ್ರಪ್ಪೋ" ಎಂದು ಅಜ್ಜಿ ಬೇಡಿದಳು. ಯಾರೂ ನಿಲ್ಲಲಿಲ್ಲ. ಆಮೇಲೆ ಅವಳು ಅಳಲಿಲ್ಲ. ದನಕ್ಕೆ ಹುಲ್ಲು ಹಾಕಿದಳು, ಮುದ್ದೆ ತೊಳಸಿದಳು. ಊರಿನವರು ಕಲ್ಲೆದೆಯವಳು ಎಂದರು. ಆಡುವ ಬಾಯಿಗೆ ಬೀಗ ಹಾಕುವವರು ಯಾರು? ನನಗೂ ಏನೂ ಅನ್ನಿಸುತ್ತಿರಲಿಲ್ಲ. ಬೆಲ್ಲ ತಿಂದರೂ ಸಪ್ಪೆ.

ಅಜ್ಜಿಯ ಕಣ್ಣು ತೋರಿಸಲು ಹಾಸನಕ್ಕೆ ಹೋದಾಗ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಚರ್ಚಿನ ನೆರಳಿಗೆ ಹೊಕ್ಕೆವು. ಒಂದು ಗೂಡಿನಲ್ಲಿ ಮರದ ಮಾತೆ ಮರಿಯಮ್ಮ, ಅವಳ ಮಡಿಲಲ್ಲಿ ಶಿಲುಬೆಯಿಂದ ಇಳಿಸಿದ ಮಗ. ಅಜ್ಜಿ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ಮಗನ ಕಂಕುಳಡಿ ಊರಿದ ತಾಯಿಯ ಬೆರಳುಗಳ ಸುತ್ತ ಮಾಂಸ ಉಬ್ಬಿತ್ತು. ಅವನ ಭಾರಕ್ಕೆ ಅವಳ ಉಡುಪಿನ ನೆರಿಗೆ ಮಂಡಿಗಳ ನಡುವೆ ಜಗ್ಗಿತ್ತು. ಮರದಲ್ಲಿ ಅಷ್ಟು ಭಾರ ಕೆತ್ತಿದವನು ಯಾರೋ, ಅವನ ಕೈಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. "ನೋಡಮ್ಮಿ, ಈವಮ್ಮನೂ ಅಳ್ತಿಲ್ಲ. ಆದ್ರೆ ಇವ್ಳಿಗೆ ಮಗನ್ನ ಕೊಟ್ಟವ್ರೆ" ಎಂದಳು ಅಜ್ಜಿ.

ಮುಂದಿನ ಸಲ ಅವಳ ಚೀಲದಲ್ಲಿ ಎಣ್ಣೆ ಸೀಸೆಯಿತ್ತು. ಮನೆದೇವರ ಕಲ್ಲಿಗೆ ಹಚ್ಚುವ ಹಾಗೆಯೇ ಆ ಮಗನ ಪಾದಕ್ಕೆ ಹಚ್ಚಿ ತಿಕ್ಕತೊಡಗಿದಳು. ಚರ್ಚು ನೋಡಿಕೊಳ್ಳುತ್ತಿದ್ದ ಮುದುಕ ಓಡಿ ಬಂದ. "ಇದು ಕಲ್ಲಲ್ಲ ಕಣವ್ವ, ಮರ. ಬಣ್ಣ ಓಯ್ತದೆ!"

"ಓದ್ರೆ ಓಗ್ಲಿ ಬುಡಣ್ಣ. ಇಮ್ಮಡಿ ಒಡೆದೈತೆ, ನೋಡು."

ಅಲ್ಲಿದ್ದದ್ದು ಮರದ ಸೀಳು. ಮುದುಕ ಅವಳ ಮುಖ ನೋಡಿ, ಹೋಗಿ ಬೆಂಚು ಒರೆಸತೊಡಗಿದ. ಹಾಸನಕ್ಕೆ ಹೋದಾಗಲೆಲ್ಲ ಇದೇ ನಡೆಯಿತು, ವರ್ಷಗಟ್ಟಲೆ. ಒಂದು ಸಲ ಹೋದರೆ ಗೂಡಿಗೆ ಗಾಜು ಬಂದಿತ್ತು. ಅಜ್ಜಿ ಗಾಜಿನ ಮೇಲೆ ಅಂಗೈ ಇಟ್ಟು, "ಇವ್ರೂ ಒಯ್ದ್ಬುಟ್ರು" ಎಂದಳು. ಮತ್ತೆ ಆ ಕಡೆ ಹೋಗಲಿಲ್ಲ.

ಮೊನ್ನೆ ಅಜ್ಜಿ ಹೋದಳು, ಮನೆಯೊಳಗೇ, ನನ್ನ ತೊಡೆಯ ಮೇಲೆ. ಅವಳ ಪಾದಕ್ಕೆ ಎಣ್ಣೆ ಹಚ್ಚಿದೆ. ಅಳು ಬರಲಿಲ್ಲ. ತಿಥಿ ಮುಗಿಸಿ ಹಾಸನದ ಚರ್ಚಿಗೆ ಹೋದೆ. ವಿಗ್ರಹಕ್ಕೆ ಹೊಸ ಬಣ್ಣ ಹೊಡೆದಿದ್ದರು. ತಾಯಿ, ಮಗ ಇಬ್ಬರೂ ಬೆಳ್ಳಗೆ ಹೊಳೆಯುತ್ತಿದ್ದರು. ಪಾದ ಮಾತ್ರ ಹಾಗಿರಲಿಲ್ಲ. "ಅಲ್ಲಿ ಎಷ್ಟ್ ಸಲ ಬಳಿದ್ರೂ ಬಣ್ಣ ನಿಲ್ಲಲ್ಲ ಮೇಡಂ, ಮರ ಎಣ್ಣೆ ಕುಡಿದ್ಬುಟ್ಟದೆ" ಎಂದ ಅಲ್ಲಿದ್ದವನು. ನಾನು ಬಗ್ಗಿ ಗಾಜಿನಾಚೆ ನೋಡಿದೆ. ಆ ತಾಯಿಯ ಮಡಿಲಲ್ಲಿ, ಆ ಬಿಳಿ ಮೈಗೆ, ಒಡೆದ ಹಿಮ್ಮಡಿಯ ಕರ್ರಗಿನ ಕಾಲು, ನಮ್ಮಪ್ಪನವು.