ಎರಡನೆಯ ಕಣ್ಣು

ನನ್ನ ಸೋದರಮಾವ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಏಣಿಯ ಮೇಲೆ ನಿಂತು, ಸ್ಕೇಲೂ ಇಲ್ಲದೆ, ಆಳೆತ್ತರದ ಅಕ್ಷರವನ್ನು ನೂಲು ಹಿಡಿದ ಹಾಗೆ ಎಳೆಯುವ ಕೈ ಅವರದು. ಹಡಗಿನಲ್ಲಿ ಬಂದಿಳಿದ ಫ್ಲೆಕ್ಸ್ ಮುದ್ರಿಸುವ ಯಂತ್ರ ಒಂದೇ ವರ್ಷದಲ್ಲಿ ಅವರ ಕುಂಚವನ್ನು ಮೂಲೆಗುಂಪು ಮಾಡಿತು. ಕೈಕಟ್ಟಿ ಕೂತವರನ್ನು ಕಣ್ಣಿನ ಡಾಕ್ಟರೊಬ್ಬರು ಕರೆದು, "ದೊಡ್ಡದು ಬರೆದಿದ್ದು ಸಾಕು ಮಾರಾಯ, ಅಂಗಿಗುಂಡಿಯಷ್ಟು ಚಿಕ್ಕದು ಬರೀತೀಯಾ?" ಎಂದರು.

ಹಾಗೆ ಶುರುವಾಯಿತು. ಒಂದು ಕಣ್ಣು ಕಳೆದುಕೊಂಡವರಿಗೆ ಪ್ಲಾಸ್ಟಿಕ್ ಕಣ್ಣು ಮಾಡುವ ಕೆಲಸ. ಕಣ್ಣುಗುಳಿಯ ಅಚ್ಚು ಮತ್ತು ಉಳಿದ ಕಣ್ಣಿನ ಫೋಟೋ ಅಂಚೆಯಲ್ಲಿ ಬರುತ್ತಿದ್ದವು. ಮಾವ ಫೋಟೋ ನೋಡಿ ಅದರ ಜೋಡಿ ಬರೆಯುತ್ತಿದ್ದರು, ಬಿಳಿಯ ಮೇಲೆ ಕೆಂಪು ರೇಷ್ಮೆ ಎಳೆ ಅಂಟಿಸಿ ನರ ಮೂಡಿಸುತ್ತಿದ್ದರು. ಬೀದಿಯವರ ಬಾಯಲ್ಲಿ ಅವರು 'ಕಣ್ಣು ಮಾಮ' ಆದರು. ಬೋರ್ಡು ಕಿತ್ತುಕೊಂಡ ಹೊರದೇಶಗಳಿಂದಲೇ ಈಗ ಕಣ್ಣು ಬೇಕೆಂದು ಪತ್ರ ಬರತೊಡಗಿದವು. ಪತ್ರ ವ್ಯವಹಾರ, ಪ್ಯಾಕಿಂಗು ನನ್ನ ಪಾಲಿಗೆ ಬಂತು.

ಮುಂದಿನ ಕೋಣೆಯಲ್ಲಿ, ಕಡ್ಡಿಗಳ ತುದಿಗೆ ಮೇಣ ಹಚ್ಚಿ ನಿಲ್ಲಿಸಿದ ಕಣ್ಣುಗಳು ಒಣಗುತ್ತಿದ್ದವು. ಬಾಗಿಲು ತೆರೆದರೆ ಮೂವತ್ತು ಕಣ್ಣು ನನ್ನತ್ತ ನೋಡುತ್ತಿದ್ದವು, ಒಂದೂ ರೆಪ್ಪೆ ಬಡಿಯುತ್ತಿರಲಿಲ್ಲ. ಊಟಕ್ಕೆ ಮುಂಚೆ ಮಾವ ಅವನ್ನೆಲ್ಲ ಗೋಡೆಗೆ ತಿರುಗಿಸಿ ಬರುತ್ತಿದ್ದರು.

"ಭಯಾನಾ ಮಾವ?"

"ಭಯ ಎಂಥದ್ದೇ! ಅವಕ್ಕೂ ಒಂಚೂರು ಬಿಡುವು ಬೇಡ್ವಾ?"

ಯುದ್ಧ ನಡೆಯುತ್ತಿದ್ದ ದೇಶದ ಒಂದು ಊರಿನಿಂದ ಒಂಬತ್ತು ವರ್ಷದ ಹುಡುಗಿಯ ಅಚ್ಚು ಬಂತು. ಬಲಗಣ್ಣು ಹೋಗಿತ್ತು. ಎಡಗಣ್ಣಿನ ಫೋಟೋದಲ್ಲಿದ್ದದ್ದು ಮಾವ ಅದುವರೆಗೆ ಬರೆಯದ ಹಸಿರು. ಮೂರು ಸಲ ಕೆಡಿಸಿ ನಾಲ್ಕನೆಯದನ್ನು ಕಳಿಸಿದರು, ಯಾವಾಗಿನಂತೆ ಅದರದೊಂದು ನಕಲು ಇಟ್ಟುಕೊಂಡರು. ತಿಂಗಳಾದ ಮೇಲೆ ಹುಡುಗಿ ನಗುತ್ತಿರುವ ಫೋಟೋ ಬಂತು. ನಮ್ಮ ಕಣ್ಣು ಯಾವುದೆಂದು ನನಗೆ ಹೇಳಲಾಗಲಿಲ್ಲ. ಮಾವ ಮಾತ್ರ ಬಲಗಣ್ಣಿನ ಮೇಲೆ ಬೆರಳಿಟ್ಟು, "ನಗು ಇದ್ರ ತನಕ ಬಂದಿಲ್ಲ ನೋಡು" ಎಂದರು.

ಆಮೇಲೆ ಆ ಊರಿನಿಂದ ಅಚ್ಚುಗಳು ಹೆಚ್ಚಿದವು. ಮೊದಲು ತಿಂಗಳಿಗೆ ಎರಡು, ಮತ್ತೆ ಏಳು, ಮತ್ತೆ ಹದಿನೈದು. ಅಲ್ಲಿ ಏನು ನಡೆಯಿತೆಂದು ಪೇಪರಿನಲ್ಲಿ ಬರುವ ಮೊದಲೇ ಮಾವನ ಮೇಜಿಗೆ ತಿಳಿಯುತ್ತಿತ್ತು.

ಅತ್ತೆ ಊರಾಚೆಯ ಕಾರ್ಖಾನೆಯಲ್ಲಿ ಹಿತ್ತಾಳೆಯ ಸಣ್ಣ ಪಿನ್ನುಗಳಿಗೆ ತಿರುಪಿನ ಗೆರೆ ಕೊರೆಯುತ್ತಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಪಿನ್ನು, ಎಲ್ಲವೂ ಹೊರದೇಶಕ್ಕೆ. ಒಂದು ಮಧ್ಯಾಹ್ನ ಅತ್ತೆ ಅರ್ಧ ಕೆಲಸ ಬಿಟ್ಟು ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ನೇರ ನನ್ನ ಮೇಜಿನ ಬಳಿ ಬಂದು, ಅಚ್ಚಿನ ಡಬ್ಬಿಯ ಮೇಲಿನ ವಿಳಾಸ ಓದಿದರು.

"ಇದೇ ಊರು. ಇವತ್ತು ನಮ್ಮ ಪೆಟ್ಟಿಗೆಗಳ ಮೇಲೂ ಇದೇ ಬರೆದಿತ್ತು."

"ಯಾವುದಕ್ಕಂತೆ ಆ ಪಿನ್ನು?" ಮಾವ ಕೇಳಿದರು.

"ಮೇಸ್ತ್ರಿಯನ್ನ ಕೇಳಿದೆ. ಗಡಿಯಾರಕ್ಕೂ ಆಗುತ್ತೆ, ಪಂಪಿಗೂ ಆಗುತ್ತೆ, ಎಲ್ಲದಕ್ಕೂ ಆಗುತ್ತಮ್ಮ, ನಿಂಗ್ಯಾಕೆ ಅಂದ." ಅತ್ತೆ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. "ಏನೂಂದ್ರೆ, ಬಾಂಬಿಗೂ ಆಗುತ್ತಾ? ನಾ ಅಲ್ಲಿ ಮಾಡಿದ್ದಕ್ಕೆ ನೀವು ಇಲ್ಲಿ ಕಣ್ಣು ಮಾಡ್ತಿದ್ದೀರಾ?"

ಅದು ನಿಜವೋ ಅಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ಅವರ ಸ್ಟೂಲಿನ ಮೇಲೆ ಅದೇ ಬೆಳಿಗ್ಗೆ ಇನ್ನೊಬ್ಬಳು ಕೂತಳು. ಅತ್ತೆ ಮುಂದಿನ ಕೋಣೆಗೆ ಬಂದು ಕಣ್ಣುಗಳಿಗೆ ಪಾಲಿಶ್ ಹಾಕತೊಡಗಿದರು.

ಎರಡು ವರ್ಷದ ಬಳಿಕ ಆ ಹಸಿರು ಕಣ್ಣಿನ ಹುಡುಗಿಯ ಹೆಸರಿನಲ್ಲೇ ಮತ್ತೊಂದು ಡಬ್ಬಿ ಬಂತು. ಬಲಗಣ್ಣು ಸಡಿಲವಾಗಿರಬೇಕು, ಬೆಳೆಯುವ ಮಗುವಲ್ಲವೇ ಎಂದುಕೊಂಡು ಬಿಚ್ಚಿದೆ. ಒಳಗಿದ್ದದ್ದು ಎಡಗಣ್ಣಿನ ಅಚ್ಚು. ಫೋಟೋ ಇರಲಿಲ್ಲ. ನರ್ಸಿನ ಚೀಟಿಯಲ್ಲಿ ಒಂದೇ ಸಾಲು: "ನೀವು ಮೊದಲು ಮಾಡಿದ್ದಕ್ಕೆ ಹೊಂದುವಂತೆ ಮಾಡಿ."

ಮಾವ ಪೆಟ್ಟಿಗೆಯಿಂದ ಹಳೆಯ ನಕಲನ್ನು ತೆಗೆದು ಎದುರಿಗಿಟ್ಟುಕೊಂಡರು. ತಾವು ಬರೆದದ್ದನ್ನೇ ನೋಡಿಕೊಂಡು ಮೂರು ದಿನ ಬರೆದರು. ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಮೇಜಿನ ಮೇಲೆ ಒಂದು ಮುಖದ ನೋಟ ಕೂತಿತ್ತು. ನಾನು ಆಚೆ ಸರಿದೆ, ಅದೂ ನನ್ನ ಜೊತೆ ಸರಿದಂತಾಯಿತು.

"ಈಗ ಆ ಮುಖದಲ್ಲಿ ಅವಳದ್ದು ಅಂತ ಒಂದು ನೋಟವೂ ಇಲ್ಲ," ಎಂದರು ಮಾವ. "ಎರಡೂ ನಂದೇ."

ಕಳಿಸಿ ಆರು ವಾರವಾದ ಮೇಲೆ ಫೋನಿಗೆ ಆ ಹುಡುಗಿಯ ಧ್ವನಿಸಂದೇಶ ಬಂತು. ಅವಳ ಭಾಷೆ ನಮಗೆ ತಿಳಿಯದು. ಅನುವಾದದ ಗುಂಡಿ ಒತ್ತಿದೆ. ಏರಿಳಿತವಿಲ್ಲದ ಹೆಂಗಸಿನ ದನಿಯಲ್ಲಿ ಫೋನು ಕನ್ನಡ ಓದಿತು: "ನನ್ನ ಕಣ್ಣು ಯಾವ ಬಣ್ಣ? ಅಮ್ಮ ಹಸಿರು ಅನ್ನುತ್ತಾಳೆ. ಯಾವ ಹಸಿರು? ನನಗೆ ಮರೆಯುತ್ತಿದೆ."

ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದರು. "ಮಗಳೇ, ಹಸಿ ಬಟಾಣಿ ಸಿಪ್ಪೆ ಇರುತ್ತಲ್ಲ, ಅದನ್ನ ಬಿಡಿಸಿ ಒಳಮೈ ಮುಟ್ಟಿ ನೋಡು. ತಣ್ಣಗೆ, ನುಣ್ಣಗೆ ಇರುತ್ತೆ. ಆ ಹಸಿರು." ಫೋನನ್ನು ನನ್ನ ಕೈಗೆ ಕೊಟ್ಟರು. ಅಷ್ಟನ್ನೇ ಅವಳ ಭಾಷೆಗೆ ತಿರುಗಿಸಿ ಕಳಿಸಿದೆ.

ಹತ್ತು ದಿನ ಬಿಟ್ಟು ಅವಳಿಂದ ಇನ್ನೊಂದು ಧ್ವನಿಸಂದೇಶ ಬಂತು. ಅತ್ತೆ ಪಾಲಿಶ್ ಚಕ್ರ ನಿಲ್ಲಿಸಿದರು. ಮೂವರೂ ಬಗ್ಗಿ ಕೇಳಿದೆವು. ಮಾತಿರಲಿಲ್ಲ. ಪಟ್, ಪಟ್ ಎಂದು ಸಿಪ್ಪೆ ಬಿಚ್ಚುವ ಸದ್ದು, ಕಾಳು ಪಾತ್ರೆಗೆ ಬೀಳುವ ಸದ್ದು, ಒಂದು ಮಗುವಿನ ಉಸಿರು. ಅನುವಾದದ ಗುಂಡಿ ಒತ್ತಿದರೆ ಫೋನು ಸುಮ್ಮನಿತ್ತು.