ಪಕ್ಕದ ಮನೆಯವರ ಮಾತನ್ನು ಅನುವಾದಿಸಿದ್ದು

ಜಪಾನೀಸ್ ಬರುತ್ತದೆಂಬ ಜಂಬ ನನಗೆ ಸ್ವಲ್ಪ ಜಾಸ್ತಿಯೇ. ಕಳೆದ ವರ್ಷ ಆಫ್ರಿಕಾದ ನಾಲ್ಕಾರು ದೇಶಗಳ ಅಧಿಕಾರಿಗಳು ಟೋಕಿಯೊಗೆ ಬಂದಾಗ ಅವರ ಇಂಗ್ಲಿಷನ್ನು ಜಪಾನೀಸಿಗೆ ಅನುವಾದಿಸುವ ಕೆಲಸ ನನಗೆ ಸಿಕ್ಕಿತು. ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರನ್ನು ಅಕ್ಕಪಕ್ಕದ ದೇಶಗಳು ಸೇರಿ ಹೇಗೆ ನೋಡಿಕೊಳ್ಳಬೇಕು, ಗಡಿ ದಾಟದೆ ತಮ್ಮ ದೇಶದಲ್ಲೇ ಮನೆಮಠ ಕಳೆದುಕೊಂಡವರಿಗೆ ಯಾರು ದಿಕ್ಕು, ವಾರವಿಡೀ ಇದೇ ಮಾತು. ನಾನು ಮೈಕಿನ ಮುಂದೆ ಅರಳು ಹುರಿದಂತೆ ಮಾತಾಡಿದೆ. ಎಲ್ಲರೂ ಹೊಗಳಿದರು.

ಅವರಲ್ಲಿ ಉಗಾಂಡಾದ ಹೆಂಗಸೊಬ್ಬರು ನನಗೆ ಬಹಳ ಹಿಡಿಸಿದರು. ಅವರ ಊರಲ್ಲೂ ಚಪಾತಿಗೆ ಚಪಾತಿ ಎಂದೇ ಹೆಸರಂತೆ. ನನಗೆ ಅಷ್ಟು ಸಾಕಾಯಿತು. ಶನಿವಾರ ಫುನಾಬೊರಿಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಕರೆದುಕೊಂಡು ಬಂದೆ.

ಲಿಫ್ಟಿನಿಂದ ಹೊರಬಂದಾಗ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಕೂತು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದರು. ಎಷ್ಟೋ ವರ್ಷದ ನೆರೆಯವರು. ನಮ್ಮ ನಡುವೆ ಇದ್ದದ್ದು ಕ್ಷಮಿಸಿ ಎನ್ನುವ ಒಂದು ಸುಮಿಮಾಸೆನ್, ಧನ್ಯವಾದ ಎನ್ನುವ ಒಂದು ಅರಿಗಾತೋ. ಆ ಚಳಿಗಾಲದಲ್ಲಿ ಮಾತ್ರ ಎರಡು ಸಲ ಬಟ್ಟಲಲ್ಲಿ ಕಿತ್ತಳೆ ತಂದುಕೊಟ್ಟಿದ್ದರು. ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದಲ್ಲ, ಎರಡು ಸಲವೂ ಮೈಸೂರು ಪಾಕು ತುಂಬಿ ಬಾಗಿಲಲ್ಲೇ ಕೊಟ್ಟು ಕಳಿಸಿದ್ದೆ. ಲೆಕ್ಕ ಚುಕ್ತಾ ಆಯಿತೆಂದು ಸಮಾಧಾನವಾಗಿತ್ತು.

"ಇವರದು ಯಾವ ಊರು?" ಅತಿಥಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಜ್ಜಿಯನ್ನೇ ಕೇಳಿದೆ.

ಫುಕುಶಿಮಾ. ಅಣುಸ್ಥಾವರದ ಅಪಘಾತವಾದಾಗ ಉಟ್ಟ ಬಟ್ಟೆಯಲ್ಲೇ ಹೊರಟವರು. ಮನೆ ಈಗಲೂ ನಿಂತಿದೆ, ಅಂಗಳದಲ್ಲಿ ಕಾಡುಹಂದಿಗಳು ಓಡಾಡುತ್ತವೆ ಎಂದರು. ಅದನ್ನು ಅತಿಥಿಗೆ ಹೇಳಿದೆ.

"ಓ, ವಾರವೆಲ್ಲ ನೀವು ಮಾತಾಡಿದ್ದು ಇವರ ವಿಷಯಾನೇ ಅಲ್ವಾ!" ಎಂದರು ಅವರು. ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ಪೆಟ್ಟಿಗೆಗಳು ಯಾಕೆಂದು ಕೇಳಿದೆ. ಬಾಡಿಗೆ ಕರಾರು ಮುಗಿದಿತ್ತು. ಹೊಸದಾಗಿ ಮಾಡಿಸಲು, ಅಜ್ಜಿಗೆ ಏನಾದರೂ ಆದರೆ ಫೋನ್ ಮಾಡಲು ಪರಿಚಯದವರ ಹೆಸರೊಂದನ್ನು ಮನೆ ಮಾಲೀಕರು ಕೇಳಿದ್ದರು. ಇದ್ದೊಬ್ಬ ಮಗ ತೀರಿಕೊಂಡಿದ್ದ. ಹೆಸರು ಸಿಗಲಿಲ್ಲ, ಹಾಗಾಗಿ ಮರುದಿನ ದೂರದ ಯಾವುದೋ ವೃದ್ಧಾಶ್ರಮಕ್ಕೆ ಹೊರಟಿದ್ದರು.

ಅತಿಥಿಗೆ ನಂಬಲಾಗಲಿಲ್ಲ. "ನಮ್ಮ ಕಡೆ ಗಡಿ ಆಚೆಯಿಂದ ಬಂದೋರಿಗೆ ಹಳ್ಳಿಯವರು ತಮ್ಮ ಹೊಲದಲ್ಲೇ ಜಾಗ ಬಿಟ್ಟುಕೊಡ್ತಾರೆ. ಇಲ್ಲಿ ಬರೀ ಒಂದು ಹೆಸರು ಕೊಡೋರೂ ಇಲ್ವಾ! ಅವರು ಯಾರನ್ನೂ ಕೇಳಲಿಲ್ವಾ, ಕೇಳಿ."

ಕೇಳಿದೆ. ಅಜ್ಜಿ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

"ನಿಮ್ಮನ್ನೇ ಕೇಳೋಣ ಅಂತ ಎರಡು ಸಲ ಬಂದಿದ್ದೆ. ನೀವು ತಕ್ಷಣ ಬಟ್ಟಲು ತುಂಬಿಸಿ ಕೊಟ್ಟುಬಿಟ್ರಿ. ಅದನ್ನ ಕೈಲಿ ಹಿಡಕೊಂಡು ಇನ್ನು ಹೇಗೆ ಕೇಳೋದು?"

ನಾಚಿಕೆಯಿಂದ ಕುಗ್ಗಿಹೋದೆ. ನನ್ನ ಹೆಸರು ಬರೆಸಿ, ಈಗಲೇ ಫೋನ್ ಮಾಡೋಣ ಎಂದು ತೊದಲಿದೆ. ಅಜ್ಜಿ ಬೇಡವೆಂದು ತಲೆಯಾಡಿಸಿದರು. ಮನೆಯನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು. ಅವರು ಕಷ್ಟಪಟ್ಟು ಎದ್ದು ನಿಂತು, ಸೊಂಟ ಬಗ್ಗಿಸಿ ಏನೋ ಹೇಳಿದರು.

"ಏನಂತೆ?" ಎಂದರು ಅತಿಥಿ.

"ಇಷ್ಟು ವರ್ಷ ಪಕ್ಕದಲ್ಲಿದ್ದು ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳ್ತಿದಾರೆ."

"ಯಾರ ಹತ್ರ?"

"ನನ್ನ ಹತ್ರ," ಎಂದೆ.