ಕೆಂಪು ಡಬ್ಬಿಯ ಜಟ್ಟೆಪ್ಪನವರು

ಪುಣೆಯ ಭೋಸರಿಯಲ್ಲಿ ಪೌಡರ್ ಕೋಟಿಂಗ್ ಕೆಲಸ ಇನ್ನೂ ಹೊಸದಾಗಿದ್ದ ೧೯೯೧ರಲ್ಲಿ ನಮ್ಮ ಕಾರಖಾನೆಯ ಬಣ್ಣದ ವಿಭಾಗಕ್ಕೆ ಬಂದು, ಹದಿನೇಳು ವರ್ಷ ಅದನ್ನು ನಡೆಸಿ ಈಗ ನಿವೃತ್ತರಾಗುತ್ತಿರುವ ಶ್ರೀ ಜಟ್ಟೆಪ್ಪನವರನ್ನು ಕುರಿತು ಬೀಳ್ಕೊಡುಗೆಯ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿರೆಂದು ಕನ್ನಡ ಬಳಗದವರು ಕೇಳಿದ್ದಾರೆ. ಸ್ಟೋರಿನ ಗುಮಾಸ್ತೆಯಾಗಿ ಅವರ ಕೈಕೆಳಗೆ ದುಡಿದ ನನಗೆ ಒಳ್ಳೆಯ ಮಾತಿಗೆ ಬರವಿಲ್ಲ. ಅದನ್ನು ಆಡಲು ಮುಖವಿಲ್ಲ, ಅಷ್ಟೆ.

ಪುಡಿಬಣ್ಣದಲ್ಲಿ ಥಿನ್ನರ್ ಇರುವುದಿಲ್ಲ, ಆದ್ದರಿಂದ ಬೆಂಕಿಯ ಭಯವಿಲ್ಲ ಎಂದು ಆಗ ಎಲ್ಲರೂ ನಂಬಿದ್ದೆವು. ಆದರೆ ಬಣ್ಣ ಹೊಡೆಯುವ ಮುನ್ನ ಕಬ್ಬಿಣದ ಮೇಲಿನ ಎಣ್ಣೆಯನ್ನು ನಾವು ಥಿನ್ನರಿನಿಂದಲೇ ಒರೆಸುತ್ತಿದ್ದೆವು. ಊಟಕ್ಕೆ ಮೊದಲು ಅದರಲ್ಲೇ ಕೈ ತೊಳೆಯುವ ಧೀರರೂ ನಮ್ಮಲ್ಲಿದ್ದರು! ಜಟ್ಟೆಪ್ಪನವರು ಬೈದು, ಕಾಡಿ, ಎಲ್ಲರಿಗೂ ಕೈಗವಸು ಹಾಕಿಸಿದರು. ಒರೆಸಿದ ಸಾಮಾನು ಪೂರ್ತಿ ಆರುವ ತನಕ ಬಣ್ಣ ಹೊಡೆಯುವ ಬೂತಿನೊಳಗೆ ಬಿಡಲಿಲ್ಲ. ಬಣ್ಣದ ಗನ್ನು ಕರೆಂಟಿನದು, ಅದರ ಒಂದು ಕಿಡಿ ಸಾಕು, ಅನ್ನುತ್ತಿದ್ದರು. ಒರೆಸಿದ ಚಿಂದಿಗೆ ಮುಚ್ಚಳವಿರುವ ಕಬ್ಬಿಣದ ಡಬ್ಬ ಇಡಿಸಿದರು. ಥಿನ್ನರ್ ಎಂದು ಹೆಸರು ಬರೆದ ಕೆಂಪು ಡಬ್ಬಿಯ ಹೊರತು ಬೇರೆ ಯಾವುದರಲ್ಲೂ ಅದನ್ನು ಕೊಡಕೂಡದೆಂದು ನನಗೆ ತಾಕೀತು ಮಾಡಿದರು.

"ಕುಸುಮವ್ವಾ, ಇದು ನೋಡಾಕ ನೀರಿನಂಗ ಅದ. ಅದಕ್ಕ ಭಾಳ ಅಂಜಬೇಕ್ರಿ."

ನನ್ನ ಗಂಡ ತೀರಿಕೊಂಡ ವರ್ಷ ನನ್ನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ.

೧೯೯೮ರ ಖಂಡೇನವಮಿ. ಮುಂಜಾನೆ ಯಂತ್ರಗಳನ್ನು ಒರೆಸುವುದು, ಮಧ್ಯಾಹ್ನ ಪೂಜೆ. ಕೆಂಪು ಡಬ್ಬಿಗಳೆಲ್ಲ ಹೊರಗೆ ಹೋಗಿದ್ದವು. ಬೂತು ಒರೆಸುವವರು ಸ್ಟೋರಿನ ಕಿಟಕಿಯಲ್ಲಿ ಗದ್ದಲ ಎಬ್ಬಿಸಿದ್ದರು. ನಾನು, ಪುಣ್ಯಾತಗಿತ್ತಿ, ಕುಡಿಯುವ ನೀರಿನ ಖಾಲಿ ಬಾಟಲಿಗೆ ಥಿನ್ನರ್ ತುಂಬಿ ಕೊಟ್ಟೆ. ಉಳಿದದ್ದನ್ನು ಅವರು ಬೂತಿನ ಪಕ್ಕದಲ್ಲೇ ಬಿಟ್ಟರು. ಪೂಜೆಗೆ ನಿಂತ ಫಿಟರ್ ಮಾಂತು ನೀರೆಂದು ತಿಳಿದು ಅದನ್ನೇ ಅಂಗೈಗೆ ಸುರಿದುಕೊಂಡು ಯಂತ್ರದ ಮುಂದೆ ಚಿಮುಕಿಸಿ, ಕರ್ಪೂರ ಹಚ್ಚಿದ. ಮುಂಜಾನೆಯಿಂದ ಇಡೀ ಶೆಡ್ಡೇ ಥಿನ್ನರ್ ನಾರುತ್ತಿತ್ತು. ವಾಸನೆ ಯಾರಿಗೆ ಗೊತ್ತಾಗಬೇಕು?

ಜಟ್ಟೆಪ್ಪನವರು ಓಡಿಬಂದು ಗೋಣಿತಟ್ಟು ಹೊದಿಸಿ ಬೆಂಕಿ ಆರಿಸಿದರು. ಮಾಂತುವಿನ ಜೀವ ಉಳಿಯಿತು. ನಟ್ಟು ಬಿಗಿಯುವ ಪಾನಾ ಹಿಡಿಯುತ್ತಿದ್ದ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಅಂದಿನಿಂದ ಅವನು ಗೇಟಿನ ಕಾವಲುಗಾರ.

ವಿಚಾರಣೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತರು. "ಡಬ್ಬಿ ಇಲ್ಲಂದ್ರ ಬಾಟ್ಲ್ಯಾಗ ಕೊಡ್ರಿ ಅಂತ ನಾನ ಹೇಳಿದ್ದೆ," ಎಂದರು. ಹಾಗೆ ಅವರು ಹೇಳಿರಲೇ ಇಲ್ಲ. ಆಮೇಲೆ ಅಳುತ್ತ ಕೇಳಿದೆ, "ಯಾಕ್ರಿ ಹಂಗಂದ್ರಿ?"

"ನೀವಿನ್ನೂ ಕಾಯಂ ಆಗಿಲ್ಲವ್ವಾ. ನಾ ಆಗೀನಿ. ಆ ಮಾತು ಬಿಡ್ರಿ."

ನಾನು ಬಿಟ್ಟುಬಿಟ್ಟೆ. ಅವರ ಬಡ್ತಿ ಅಲ್ಲಿಗೇ ನಿಂತಿತು. ಮರುವರ್ಷದಿಂದ ಪೂಜೆಯನ್ನು ಅಂಗಳಕ್ಕೆ ಒಯ್ದರು. ದೀಪ, ಕರ್ಪೂರ ಶೆಡ್ಡಿನೊಳಗೆ ಬರಲಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ "ಆರಾಮೇನಪಾ ಮಾಂತು?" ಎಂದು ಕೇಳುತ್ತಿದ್ದರು. ಮಾಂತು ಹತ್ತು ವರ್ಷ ಒಂದು ದಿನವೂ ಉತ್ತರ ಕೊಡಲಿಲ್ಲ, ಮುಖ ತಿರುಗಿಸುತ್ತಿದ್ದ. ನಾನು ಹಿಂದೆಯೇ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಈ ಬೀಳ್ಕೊಡುಗೆಯ ಸಮಾರಂಭಕ್ಕೂ ಬರುವುದಿಲ್ಲವೆಂದು ಮಾಂತು ಹೇಳಿಕಳಿಸಿದನಂತೆ. ಅದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕಳೆದ ಸೋಮವಾರ ಗೇಟಿಗೆ ಹೋಗಿ, ಇಲ್ಲಿ ಬರೆದದ್ದನ್ನೆಲ್ಲ ಅವನಿಗೆ ಹೇಳಿದೆ.

"ಹತ್ತು ವರ್ಷ ಆ ಮನಶ್ಯಾನ ಮಾರಿ ನೋಡಿಲ್ರಿ ನಾ," ಎಂದ. ನಾನು ಕೈ ಮುಗಿದೆ. ಅವನು ಎದ್ದು ಲಾರಿಗೆ ಗೇಟು ತೆಗೆಯಲು ಹೋದ.

ಸಂಪಾದಕರು ಪುಟ ಉಳಿಸಬೇಕಾದರೆ ನನ್ನ ಹೊಗಳಿಕೆಯನ್ನು ತೆಗೆಯಲಿ, ಇದನ್ನು ತೆಗೆಯದಿರಲಿ.

ಜಟ್ಟೆಪ್ಪನವರೇ, ಹದಿನೇಳು ವರ್ಷದ ಬಣ್ಣದ ಪುಡಿಯಿಂದ ಬಂದ ನಿಮ್ಮ ಕೆಮ್ಮು ಇಳಿಯಲಿ, ಆಯುಷ್ಯ ದೊಡ್ಡದಾಗಲಿ. ಭೋಸರಿಯ ಹೊಸಬರಿಗೆ ಇನ್ನೂ ಬಹುಕಾಲ ಬೈದು ಕಲಿಸುತ್ತಿರಿ. ಇದನ್ನು ಓದಿ ಸಿಟ್ಟಾಗುತ್ತೀರೆಂದು ಬಲ್ಲೆ. ನಿಮಗೆ ಹಾರ ಹಾಕಲು ಮಾಂತು ಬರುತ್ತಾನೆ, ನಿನ್ನೆ ಹೇಳಿಕಳಿಸಿದ್ದಾನೆ. ನಾನು ಬಂದರೆ ಅವನು ಬರುವುದಿಲ್ಲವಂತೆ. ಆದ್ದರಿಂದ ನನ್ನ ನಮಸ್ಕಾರವನ್ನು ಇಲ್ಲಿಯೇ ಬರೆದಿಟ್ಟಿದ್ದೇನೆ.